ಬಾಗಿಲು ತೆರೆದಿದ್ದ ಸೆರೆಮನೆ

ಒಮ್ಮೆ ಮಕ್ಕಳನ್ನು ಯಾದಗಿರಿ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಬಾಗಿಲು ದಾಟಿ ಗೋಡೆ ಸುತ್ತುವಾಗ ಒಬ್ಬ ಕೇಳಿದ: 'ಸರ್, ಅಭಿಮನ್ಯು ಹೋದ ಹಾದೀಲೇ ತಿರುಗಿ ಬರಬಹುದಿತ್ತಲ್ರೀ?'

ಒಳ್ಳೆಯ ಪ್ರಶ್ನೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ಚಕ್ರವ್ಯೂಹವನ್ನು ಸುತ್ತುದಾರಿಯಾಗಿ ಕೆತ್ತಿದ್ದಾರೆ. ಕ್ರೀಟ್ ದ್ವೀಪದ ಪ್ರಾಚೀನ ನಾಣ್ಯಗಳ ಮೇಲೂ ಅಂಥದೇ ಚಿತ್ರವಿದೆ. ಗೂಳಿತಲೆಯ ಮೈನೋಟಾರನನ್ನು ಕೂಡಿಹಾಕಿದ್ದ ಕಟ್ಟಡ ಅದು. ಆ ಚಿತ್ರದ ಮೇಲೆ ಪೆನ್ಸಿಲ್ ಆಡಿಸಿ ನೋಡಿ. ಕವಲೇ ಇಲ್ಲ, ಒಂದೇ ದಾರಿ! ಅಲ್ಲಿ ದಾರಿ ತಪ್ಪುವುದೇ ಸಾಧ್ಯವಿಲ್ಲ. ಆದರೆ ಅಭಿಮನ್ಯುವನ್ನು ಸುತ್ತಿದ ಗೋಡೆ ಕಲ್ಲಿನದಲ್ಲ, ಮನುಷ್ಯರದು. ಅವನು ಒಳಹೊಕ್ಕ ಕೂಡಲೇ ಹಿಂದೆ ಮುಚ್ಚಿಕೊಂಡಿತು.

ಹಾಗಾದರೆ ಮೈನೋಟಾರ ಏಕೆ ಹೊರಬರಲಿಲ್ಲ? ಅರ್ಜೆಂಟೀನಾದ ಲೇಖಕ ಬೋರ್ಹೆಸ್ 1947ರಲ್ಲಿ ಬರೆದ 'ಆಸ್ಟೀರಿಯನ್ನನ ಮನೆ' ಎಂಬ ಪುಟ್ಟ ಕಥೆಯಲ್ಲಿ ಆ ರಾಕ್ಷಸನೇ ಮಾತಾಡುತ್ತಾನೆ. ಅವನ ಮನೆಯ ಬಾಗಿಲುಗಳು ಹಗಲಿರುಳೂ ತೆರೆದಿವೆ. ಒಂದು ಸಂಜೆ ಬೀದಿಗಿಳಿದ. ಜನ ಅವನನ್ನು ಕಂಡು ಓಡಿದರು. ಅವರ ಮುಖ ನೋಡಿ ಇವನೂ ಹೆದರಿ ಒಳಗೆ ಬಂದುಬಿಟ್ಟ. ಆಮೇಲೆ ಒಬ್ಬನೇ ಆಟ. ತನ್ನಂಥವನೇ ಇನ್ನೊಬ್ಬ ಬಂದಿದ್ದಾನೆಂದು ಭಾವಿಸಿಕೊಂಡು ಅವನಿಗೆ ಮನೆ ತೋರಿಸುವುದು! ಕೊನೆಗೆ ಥೀಸಿಯಸ್ ಕತ್ತಿ ಹಿಡಿದು ಬಂದಾಗ ಅವನು ಹೋರಾಡಲೇ ಇಲ್ಲವೆನ್ನಬೇಕು.

ನಮ್ಮ ಗಿರೀಶ ಕಾರ್ನಾಡರ 'ಹಯವದನ' (1971) ನೆನಪಾಗುತ್ತದೆ. ಕುದುರೆತಲೆಯ ಆ ಮನುಷ್ಯ ಪೂರ್ಣನಾಗಲು ಹೊರಟು ಪೂರ್ತಿ ಕುದುರೆಯೇ ಆಗುತ್ತಾನೆ. ದನಿ ಮಾತ್ರ ಮನುಷ್ಯನದು. ಅವನನ್ನು ಕಂಡು ನಗುವುದು ಒಂದು ಮಗು. ಅದುವರೆಗೂ ನಗದಿದ್ದ, ಮಾತಾಡದಿದ್ದ ಮಗು. ನಾಟಕದಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ ಜಾಗ.

ವಿಜ್ಞಾನದ ಮೇಷ್ಟ್ರಿಗೆ ಈ ಕಥೆಗಳೇಕೆ ಎನ್ನಬೇಡಿ. ಹಿಂದೆ ನನ್ನ ತರಗತಿಯಲ್ಲಿ ಉಗ್ಗುವ ಹುಡುಗನೊಬ್ಬನಿದ್ದ. ಕಡೆಯ ಬೆಂಚು, ಊಟದ ಬಿಡುವಿನಲ್ಲೂ ಒಬ್ಬನೇ. ಪ್ರಶ್ನೆ ಕೇಳುವಾಗ ನಾನು ಅವನನ್ನು ಬಿಟ್ಟು ಪಕ್ಕದವನನ್ನು ಕೇಳುತ್ತಿದ್ದೆ. ಅದನ್ನೇ ದಯೆ ಅಂದುಕೊಂಡಿದ್ದೆ!

ಒಂದು ದಿನ ಹಲಗೆಯ ಮೇಲೆ ಜಟಿಲ ದಾರಿಯೊಂದನ್ನು ಬರೆದು, ಬಲಗೈಯನ್ನು ಗೋಡೆಯಿಂದ ತೆಗೆಯದೆ ನಡೆದರೆ ಹೊರಬರಬಹುದು ಎಂದೆ. ಕಡೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಅಭ್ಯಾಸದಂತೆ ಬೇರೆಡೆ ನೋಡಿದೆ. ಕೈ ಇಳಿಯಲಿಲ್ಲ. ಕರೆದೆ. ಅವನು ಬಂದು ನಡುವೆ ಯಾವ ಗೋಡೆಗೂ ತಾಗದ ಒಂದು ಚೌಕ ಬರೆದ. ಒಳಗಿರುವವನ ಕೈ ಈ ಗೋಡೆಯ ಮೇಲಿದ್ದರೆ? ಇದನ್ನೇ ಸುತ್ತುತ್ತಾನಲ್ಲವೆ! ನನ್ನ ಸೂತ್ರ ತಪ್ಪಿತ್ತು. ಅದನ್ನು ಹೇಳಿ ಮುಗಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದವನು ಮೊಣಕೈಯಿಂದ ತಿವಿದ, 'ಸುಮ್ನಿರೋ, ಅವ ಹೇಳಾಕತ್ತಾನ.'