‘ಎಲ್ಲ’ ಎನ್ನುವ ಮೊದಲು

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಆರ್‌ಎನ್‌ಎ ಇಂಟರ್‌ಫಿಯರೆನ್ಸ್ ಬಗ್ಗೆ ಓದಿದ್ದೀರಿ. ತಂಬಾಕು ಗಿಡದ ಬೇರಿಗೆ ಬೀಳುವ ಹುಳದ ಜೀನನ್ನು ಮೌನಗೊಳಿಸಿ ಗಿಡವನ್ನು ಉಳಿಸುವ ಪಾಠ ಅದು. ಪರೀಕ್ಷೆಗೂ ನೀಟ್‌ಗೂ ಬೇಕಾದ್ದರಿಂದ ಹೆಚ್ಚಿನವರಿಗೆ ಬಾಯಿಪಾಠ. ಈ ವಿಧಾನ ಎಲ್ಲ ಯೂಕ್ಯಾರಿಯೋಟ್ ಜೀವಿಗಳಲ್ಲೂ ಇದೆ ಎಂದು ಅಲ್ಲಿ ಬರೆದಿದೆ. ನನ್ನ ತಕರಾರು ಆ ‘ಎಲ್ಲ’ ಎಂಬ ಒಂದು ಪದದ ಮೇಲೆ.

ಬ್ರೆಡ್ ಉಬ್ಬಿಸುವ ಯೀಸ್ಟ್ ಕೂಡ ಯೂಕ್ಯಾರಿಯೋಟ್. ಆದರೆ ಅದರಲ್ಲಿ ಈ ಕೆಲಸಕ್ಕೆ ಬೇಕಾದ ಡೈಸರ್ ಮತ್ತು ಆರ್ಗೊನಾಟ್ ಪ್ರೋಟೀನುಗಳೇ ಇಲ್ಲ. 2009ರಲ್ಲಿ ವಿಜ್ಞಾನಿಗಳು ಅದರ ಹತ್ತಿರದ ಸಂಬಂಧಿ ಯೀಸ್ಟಿನಿಂದ ಆ ಎರಡು ಜೀನುಗಳನ್ನು ತಂದು ಸೇರಿಸಿದಾಗ ಆರ್‌ಎನ್‌ಎ ಇಂಟರ್‌ಫಿಯರೆನ್ಸ್ ಅದರಲ್ಲೂ ಶುರುವಾಯಿತು. ಹಾಗೆಂದು ಬ್ರೆಡ್ ಯೀಸ್ಟಿಗೆ ಜೀನನ್ನು ಸುಮ್ಮನಿರಿಸಲು ಬರುವುದಿಲ್ಲ ಎಂದಲ್ಲ. ಅದಕ್ಕೆ ‘ಸರ್’ ಎಂಬ ಪ್ರೋಟೀನುಗಳ ಗುಂಪು ಇದೆ (ಗದ್ದಲದ ತರಗತಿಯನ್ನು ಸುಮ್ಮನಾಗಿಸುವ ನಮ್ಮ ಸರ್ ಅಲ್ಲ!). ಅದು ಆರ್‌ಎನ್‌ಎಯನ್ನು ಕತ್ತರಿಸುವುದಿಲ್ಲ. ಕ್ರೊಮ್ಯಾಟಿನ್ ಮೇಲೆ ಕುಳಿತು ಜೀನಿನಿಂದ ಆರ್‌ಎನ್‌ಎ ಹುಟ್ಟದಂತೆ ತಡೆಯುತ್ತದೆ.

ಇಂಥ ಗುಂಪುಗಳಿಗೆ ಎಲ್ಲ ಜೀವಿಗಳಿಗೂ ಹೊಂದುವ ಅರ್ಥ ಬರೆಯುವುದು ‘ಜೀನ್ ಆಂಟಾಲಜಿ’ ಎಂಬ ಪದಕೋಶದ ಕೆಲಸ. ಹಣ್ಣಿನ ನೊಣ, ಇಲಿ ಮತ್ತು ಇದೇ ಬ್ರೆಡ್ ಯೀಸ್ಟ್ ಕುರಿತ ಮೂರು ಮಾಹಿತಿಕೋಶಗಳು ಸೇರಿ 1998ರಲ್ಲಿ ಅದನ್ನು ಆರಂಭಿಸಿದವು. ಫೈರ್ ಮತ್ತು ಮೆಲ್ಲೊ ಆರ್‌ಎನ್‌ಎ ಇಂಟರ್‌ಫಿಯರೆನ್ಸ್ ಕುರಿತು ನೊಬೆಲ್ ತಂದುಕೊಟ್ಟ ಪ್ರಬಂಧ ಪ್ರಕಟಿಸಿದ್ದೂ ಅದೇ ವರ್ಷ.

ಅರ್ಥ ಬರೆಯುವುದು ಹೇಗೆ? ಗುಂಪಿನ ಸದಸ್ಯರ ಪಟ್ಟಿ ಕೊಟ್ಟರೆ ಸಾಕು ಎಂದು ಕೆಲವರು ಹೇಳಬಹುದು. ಆದರೆ ಮನುಷ್ಯನಲ್ಲಿ ನಾಲ್ಕು ಆರ್ಗೊನಾಟ್ ಪ್ರೋಟೀನುಗಳಿವೆ (ಅದೇ ಕುಟುಂಬದ ಪಿವಿ ಪ್ರೋಟೀನುಗಳನ್ನು ಬಿಟ್ಟು), ಅರಾಬಿಡಾಪ್ಸಿಸ್ ಗಿಡದಲ್ಲಿ ಹತ್ತು, ವಿದಳನ ಯೀಸ್ಟಿನಲ್ಲಿ ಒಂದೇ ಒಂದು. ಯಾವ ಪಟ್ಟಿ ಬರೆದರೂ ಯಾರಾದರೊಬ್ಬರು ಹೊರಗುಳಿಯುತ್ತಾರೆ. ‘ಜೀನನ್ನು ಮೌನಗೊಳಿಸುವ ಗುಂಪು’ ಎಂದಷ್ಟೇ ಬರೆದರೆ ‘ಸರ್’ ಕೂಡ ಒಳಗೆ ಬಂದು ಕೂರುತ್ತದೆ.

ಮುಅಝ್ಝಿನ್ ಯಾರು ಎಂದು ಕೇಳಿದರೆ ನಾವು ವ್ಯಕ್ತಿಯ ಹೆಸರು ಹೇಳುವುದಿಲ್ಲ. ಅಝಾನ್ ಕೊಡುವವರು ಎನ್ನುತ್ತೇವೆ. ಸಣ್ಣ ಮಸೀದಿಯಲ್ಲಿ ಇಮಾಮರೇ ಅಝಾನ್ ಕೊಟ್ಟರೂ ಆ ಅರ್ಥ ಕೆಡುವುದಿಲ್ಲ. ಆದರೆ ‘ಜನರನ್ನು ಕರೆಯುವವರು’ ಎಂದಷ್ಟೇ ಹೇಳಿದರೆ ಬಸ್ ಕಂಡಕ್ಟರ್ ಕೂಡ ಮುಅಝ್ಝಿನ್ ಆದಾರು! ಆದ್ದರಿಂದ ಏನು ಕೆಲಸ, ಯಾವ ರೀತಿ, ಯಾವುದಿಲ್ಲದೆ ಅದು ನಡೆಯದು, ಇಷ್ಟನ್ನೂ ಅರ್ಥದಲ್ಲಿ ಹೇಳಬೇಕು. ಜೀವಿಯ ಹೆಸರು ಬೇಡ. ‘ರಿಸ್ಕ್’ ಎಂಬ ಗುಂಪಿಗಾದರೆ ಆರ್ಗೊನಾಟ್ ಕುಟುಂಬದ ಒಂದು ಪ್ರೋಟೀನು, ಗುರಿ ತೋರಿಸುವ ಒಂದು ಚಿಕ್ಕ ಆರ್‌ಎನ್‌ಎ, ಆ ಗುರಿಯ ಸಂದೇಶವಾಹಕ ಆರ್‌ಎನ್‌ಎಯನ್ನು ತಡೆಯುವ ಕೆಲಸ. ವಿದಳನ ಯೀಸ್ಟಿನ ‘ರಿಟ್ಸ್’ ಗುಂಪಿನಲ್ಲೂ ಆರ್ಗೊನಾಟ್ ಇದೆ, ಆದರೆ ಅದು ಕೆಲಸ ಮಾಡುವುದು ಕ್ರೊಮ್ಯಾಟಿನ್ ಮೇಲೆ. ಎರಡನ್ನೂ ಒಂದೇ ದೊಡ್ಡ ಪದದ ಕೆಳಗೆ ಬೇರೆ ಬೇರೆಯಾಗಿ ಇಡುವುದೇ ಸರಿ.

ಇದು ಬರೀ ಪದಗಳ ಜಗಳವಲ್ಲ. ಹೊಸ ಜೀವಿಯ ಜೀನೋಮ್ ಓದಿದಾಗ ಸಾವಿರಾರು ಜೀನುಗಳಿಗೆ ಕಂಪ್ಯೂಟರೇ ಹೋಲಿಕೆ ನೋಡಿ ಈ ಪದಗಳನ್ನು ಅಂಟಿಸುತ್ತದೆ. ಅರ್ಥ ಸಡಿಲವಾದರೆ ತಪ್ಪೂ ಜೀವಿಯಿಂದ ಜೀವಿಗೆ ಹರಡುತ್ತದೆ. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪ್ಯಾಟಿಸಿರಾನ್ ಎಂಬ ಔಷಧಿ ನಮ್ಮ ಯಕೃತ್ತಿನ ರಿಸ್ಕನ್ನೇ ಬಳಸಿ ಕೆಲಸ ಮಾಡುತ್ತದೆ. ಇಂಥ ಔಷಧಿಗಳನ್ನು ಮೊದಲು ಪ್ರಾಣಿಗಳಲ್ಲಿ ಪರೀಕ್ಷಿಸುತ್ತಾರೆ. ಅಲ್ಲಿಯ ರಿಸ್ಕ್ ಮತ್ತು ಇಲ್ಲಿಯ ರಿಸ್ಕ್ ಒಂದೇ ಕೆಲಸದ್ದು ಎಂದು ಗೊತ್ತಿದ್ದರೆ ತಾನೇ ಆ ಪರೀಕ್ಷೆಗೆ ಬೆಲೆ?

ಪಠ್ಯಪುಸ್ತಕ ಬರೆಯುವವರಲ್ಲಿ ನಮ್ಮ ಕೋರಿಕೆ ಇಷ್ಟೇ: ‘ಎಲ್ಲ’ ತೆಗೆದು ‘ಬಹುತೇಕ’ ಎಂದು ಬರೆಯಿರಿ. ಅಲ್ಲಿಯವರೆಗೆ, ಗೆಳೆಯರೇ, ಉತ್ತರಪತ್ರಿಕೆಯಲ್ಲಿ ಪುಸ್ತಕದ ಉತ್ತರವನ್ನೇ ಬರೆಯಿರಿ. ಆದರೆ ಲ್ಯಾಬಿನಲ್ಲಿ ಯೀಸ್ಟಿನ ಸ್ಲೈಡ್ ನೋಡುವಾಗ ಈ ಪ್ರಶ್ನೆಯನ್ನು ಉಪನ್ಯಾಸಕರ ಮುಂದೆ ಇಡಲು ಮರೆಯಬೇಡಿ.