ಆರನೆಯ ನಿಲ್ದಾಣದ ಕಲ್ಲುಗಳು

ಋಷಿಮೂಲ, ನದೀಮೂಲಗಳನ್ನು ಕೆದಕಬಾರದೆಂಬುದು ಹಿರಿಯರ ಮಾತು. ಶಿಲಾಮೂಲದ ವಿಷಯವನ್ನು ಅವರು ಎತ್ತಲಿಲ್ಲ. ಆ ಧೈರ್ಯದ ಮೇಲೆಯೇ ವಿಜ್ಞಾನಿಗಳು ಆಕಾಶದಿಂದ ಬಿದ್ದ ಕಲ್ಲಿನ ಕುಲಗೋತ್ರಗಳನ್ನು ವಿಚಾರಿಸುತ್ತ ಬಂದಿದ್ದಾರೆ.

ಉಲ್ಕಾಶಿಲೆಗಳನ್ನು ಅರಸುವವರಿಗೆ ಮರುಭೂಮಿ ಬಲು ಪ್ರಿಯವಾದ ತಾಣ. ಅಲ್ಲಿ ಮಳೆ ವಿರಳ. ಕಲ್ಲಿನೊಳಗಣ ಕಬ್ಬಿಣ ಬೇಗನೆ ತುಕ್ಕು ಹಿಡಿಯದು. ಹುಲ್ಲು ಪೊದೆಗಳ ಮರೆಯಿಲ್ಲದ ಬಯಲಿನಲ್ಲಿ, ಸುಟ್ಟು ಕಪ್ಪಾದ ಶಿಲೆ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಆದರೆ ಆ ಕರಿಯ ಹೊದಿಕೆಯನ್ನು ನೋಡಿ ಅದರ ಕುಲವನ್ನು ಹೇಳುವಂತಿಲ್ಲ. ಕಲ್ಲನ್ನು ಕೊಯ್ದು, ಒಂದು ಹೋಳನ್ನು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳ್ಳಗೆ ಉಜ್ಜಬೇಕು. ಆಗ ಬೆಳಕು ಅದರೊಳಗೆ ಹಾಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಸಾಸಿವೆಯಂಥ ದುಂಡನೆಯ ಕಣಗಳು ಕಂಡರೆ ಅದು ಕಾಂಡ್ರೈಟ್, ಅಂದರೆ ಸೌರಮಂಡಲದ ಬಾಲ್ಯದಿಂದ ಕರಗದೆ ಉಳಿದ ಶಿಲೆ. ಯಾವುದೋ ಆಕಾಶಕಾಯದ ಒಡಲಿನಲ್ಲಿ ಒಮ್ಮೆ ಕರಗಿ ಮರಳಿ ಗಟ್ಟಿಯಾದದ್ದು ಅಕಾಂಡ್ರೈಟ್. ಬಳಿಕ ಖನಿಜಗಳಲ್ಲಿ ಕಬ್ಬಿಣದ ಅಂಶವೆಷ್ಟೆಂದು ಅಳೆದು ಒಳಪಂಗಡವನ್ನು ನಿರ್ಣಯಿಸುತ್ತಾರೆ.

ಒಂದೇ ಬಾರಿಗೆ ಉದುರಿದ ಕಲ್ಲುಗಳೆಲ್ಲ ಒಂದೇ ಕುಲದವೆಂಬುದು ಬಹುಕಾಲದ ಊಹೆ. ಆ ಊಹೆಯನ್ನು ಅಲುಗಿಸಿದ್ದು ಸುಡಾನ್ ದೇಶದ ನ್ಯೂಬಿಯಾ ಮರುಭೂಮಿ.

2008ರ ಅಕ್ಟೋಬರ್ 6ರಂದು ಅಮೆರಿಕದ ಅರಿಜೋನಾದ ವೀಕ್ಷಣಾಲಯದಲ್ಲಿ ರಿಚರ್ಡ್ ಕೊವಾಲ್ಸ್ಕಿ ಎಂಬವರಿಗೆ ಭೂಮಿಯತ್ತ ಧಾವಿಸುತ್ತಿದ್ದ ಕ್ಷುದ್ರಗ್ರಹವೊಂದು ಕಾಣಿಸಿತು. ಅದರ ಅಡ್ಡಳತೆ ಸುಮಾರು 4 ಮೀಟರು. ಇಂಥದೊಂದು ಕಾಯವನ್ನು ಅದು ಬೀಳುವ ಮೊದಲೇ ಗುರುತಿಸಿದ್ದು ಅದೇ ಪ್ರಥಮ. ದಿನವೊಂದು ತುಂಬುವುದರೊಳಗೆ, ಮರುದಿನದ ನಸುಕಿನಲ್ಲಿ, ಅದು ಸುಮಾರು 37 ಕಿಲೋಮೀಟರ್ ಎತ್ತರದಲ್ಲಿ ಸಿಡಿದು ಚೂರುಚೂರಾಯಿತು.

ಡಿಸೆಂಬರಿನಲ್ಲಿ ಖಾರ್ಟೂಮ್ ವಿಶ್ವವಿದ್ಯಾನಿಲಯದ ಮುಆವಿಯಾ ಶದ್ದಾದ್ ಮತ್ತು ಅಮೆರಿಕದಿಂದ ಬಂದ ಪೀಟರ್ ಜೆನಿಸ್ಕೆನ್ಸ್ ಅವರು ವಿದ್ಯಾರ್ಥಿಗಳ ದಂಡಿನೊಡನೆ ಮರಳಿಗಿಳಿದರು. ಎಲ್ಲರೂ ಸಾಲಾಗಿ ನಿಂತು, ನೆಲವನ್ನು ನೋಡುತ್ತ ನಡೆದರು. ಸಿಕ್ಕ ಚೂರುಗಳಿಗೆ ಸಂಖ್ಯೆಯಿತ್ತು ಸ್ಥಳವನ್ನು ಬರೆದುಕೊಂಡರು. ಬಳಿಯ ರೈಲು ನಿಲ್ದಾಣದ ಹೆಸರೇ ಶಿಲೆಗೂ ಬಂದಿತು: ಅಲ್ಮಹಾತಾ ಸಿತ್ತಾ, ಅರಬ್ಬಿಯಲ್ಲಿ 'ಆರನೆಯ ನಿಲ್ದಾಣ'. ಕಾಲಕ್ರಮದಲ್ಲಿ 600ಕ್ಕೂ ಮಿಕ್ಕ ಚೂರುಗಳು ದೊರೆತವು. ಅವೆಲ್ಲದರ ತೂಕ ಸುಮಾರು 10 ಕಿಲೋಗ್ರಾಂ ಮಾತ್ರ.

ಮೊದಲು ಪರೀಕ್ಷಿಸಿದ ಚೂರು ಯೂರಿಲೈಟ್ ಎಂಬ ವಿರಳವಾದ ಅಕಾಂಡ್ರೈಟ್. ಅದರಲ್ಲಿ ಇಂಗಾಲ ಹೇರಳ, ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರಗಳೂ ಉಂಟು. ಕ್ಷುದ್ರಗ್ರಹ ಗಗನದಲ್ಲಿದ್ದಾಗಲೇ ದೂರದರ್ಶಕದಿಂದ ಪಡೆದ ಬೆಳಕಿನ ಗುರುತು ಇದಕ್ಕೆ ಹೊಂದಿತು. ವಂಶಾವಳಿ ದೊರೆತಂತಾಯಿತು, ಶೋಧ ಇಲ್ಲಿಗೇ ಮುಗಿಯಬಹುದಾಗಿತ್ತು.

ಮುಗಿಯಲಿಲ್ಲ. ಉಳಿದ ಚೂರುಗಳನ್ನು ಕೊಯ್ದಂತೆಲ್ಲ ಕೆಲವು ಕಾಂಡ್ರೈಟ್‌ಗಳಾಗಿ ಕಂಡವು. ಅವುಗಳಲ್ಲಿಯೂ ಹಲವು ಪಂಗಡಗಳು! ಕರಗಿದ ಕಲ್ಲಿಗೂ ಕರಗದ ಕಲ್ಲಿಗೂ ಎಲ್ಲಿಯ ನಂಟು? ಮರುಭೂಮಿಯಲ್ಲಿ ಹಳೆಯ ಶಿಲೆಗಳು ಬಿದ್ದಿರುವುದು ಸಹಜವಾದುದರಿಂದ, ಇವು ಹಿಂದೆಂದೋ ಬಿದ್ದವಾಗಿರಬಹುದೆಂಬ ಶಂಕೆ ಮೂಡಿತು. ಅದನ್ನು ಪರಿಹರಿಸಿದ್ದು ಅಲ್ಪಾಯುಗಳಾದ ಪರಮಾಣುಗಳು. ಅಂತರಿಕ್ಷದ ಕಿರಣಗಳ ಹೊಡೆತದಿಂದ ಹುಟ್ಟುವ ಇವು ಕಲ್ಲು ನೆಲ ಸೇರಿದ ಬಳಿಕ ಬೇಗನೆ ಕ್ಷಯಿಸಿಹೋಗುತ್ತವೆ. ಆ ಕಾಂಡ್ರೈಟ್ ಚೂರುಗಳಲ್ಲಿಯೂ ಅವು ಇನ್ನೂ ಉಳಿದಿದ್ದವು. ಅಲ್ಲಿಗೆ, ಆ ಚೂರುಗಳೂ ಹೊಸದಾಗಿ ಬಿದ್ದವೇ. ಆ ಪುಟ್ಟ ಕ್ಷುದ್ರಗ್ರಹ ಒಂದೇ ಬಂಡೆಯಲ್ಲ. ಎಲ್ಲೆಲ್ಲಿಯೋ ಹುಟ್ಟಿದ ಕಲ್ಲುಗಳು ಘರ್ಷಣೆಯಿಂದ ಒಡೆದು ಕಲೆತ ಸಡಿಲವಾದ ರಾಶಿ.

ಇದು ಪಂಡಿತರ ವಿನೋದಕ್ಕಷ್ಟೇ ಸಲ್ಲುವ ಸಂಗತಿಯಲ್ಲ. ಮುಂದೊಂದು ದಿನ ದೊಡ್ಡ ಕ್ಷುದ್ರಗ್ರಹವೊಂದು ಭೂಮಿಗೆ ಎದುರಾದರೆ ಅದನ್ನು ದಾರಿಯಿಂದ ಸರಿಸಬೇಕಾದೀತು. ಗಟ್ಟಿ ಬಂಡೆಯನ್ನು ತಳ್ಳುವ ರೀತಿ ಬೇರೆ, ಸಡಿಲ ರಾಶಿಯನ್ನು ತಳ್ಳುವ ರೀತಿ ಬೇರೆ. ಮೊದಲ ಚೂರಿಗೆ ಹೆಸರಿಟ್ಟು ಉಳಿದವನ್ನು ಕಪಾಟಿಗೆ ಸೇರಿಸಿದ್ದರೆ ಈ ಪಾಠ ದೊರೆಯುತ್ತಿರಲಿಲ್ಲ. ಬಿಸಿಲಿನಲ್ಲಿ ನಡೆದು, ಚೂರು ಚೂರನ್ನೂ ಅದರ ಜಾಗದೊಡನೆ ಬರೆದಿಟ್ಟ ಆ ವಿದ್ಯಾರ್ಥಿಗಳ ಶ್ರಮಕ್ಕೆ ಸಂದ ಫಲವಿದು.