ಬ್ರೇಕ್ ಪ್ಯಾಡಿನಲ್ಲಿಯೂ ಉಳಿತಾಯವೆ?



ವಾಶಿ ಮಾರ್ಕೆಟಿನಿಂದ ಬಟಾಟೆ, ನೀರುಳ್ಳಿ ಮೂಟೆ ಹೇರಿಕೊಂಡು ಬೆಳಗಿನ ಜಾವ ನಮ್ಮ ಹೋಟೆಲುಗಳ ಹಿಂಬಾಗಿಲಿಗೆ ಬರುವ ಪಿಕಪ್ ಗಾಡಿಯನ್ನು ನಾವು ನಿತ್ಯವೂ ಕಾಣುತ್ತೇವೆ. ಮುಂದೆ ಡ್ರೈವರಣ್ಣ, ಹಿಂದೆ ಮೂಟೆಗಳ ಮೇಲೆ ನಮ್ಮವನೇ ಒಬ್ಬ ಹುಡುಗ. ಈ ಗಾಡಿಗೆ ಹೊಸ ಬ್ರೇಕ್ ಪ್ಯಾಡು ಬೇಕಾದಾಗ ಅದನ್ನು ಆರಿಸುವವರು ಯಾರು? ಗಲ್ಲೆಯಲ್ಲಿ ಕುಳಿತವರು. ಯಾವ ಲೆಕ್ಕದಿಂದ? ಎಲ್ಲಕ್ಕಿಂತ ಅಗ್ಗದ್ದು ಯಾವುದು ಎಂಬ ಒಂದೇ ಲೆಕ್ಕದಿಂದ. ಇದನ್ನು ನಾವು ಖಂಡಿಸುತ್ತೇವೆ.

ನಾವು ಹಿಂದೆ ದುಡಿಯುತ್ತಿದ್ದ ಒಂದು ಹೋಟೆಲಿನ ಸಂಗತಿ ಕೇಳಿ. ಪ್ಯಾಡು ಸವೆದಿದೆಯೆಂದು ಡ್ರೈವರು ಮೂರು ಸಲ ಹೇಳಿದ ಮೇಲೆ ಧಣಿಗಳು ಎಡಗಾಲಿಗೆ ಮಾತ್ರ ಹೆಸರಿಲ್ಲದ ಪ್ಯಾಡು ಹಾಕಿಸಿದರು. "ಬಲಗಡೆಯದು ಇನ್ನೊಂದು ತಿಂಗಳು ಬರುತ್ತದೆ" ಎಂದರು. ಮುಂದಿನ ಎರಡೂ ಗಾಲಿಗೆ ಜೊತೆಯಾಗಿ ಹಾಕದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆಂದು ಗ್ಯಾರೇಜಿನ ಪೋರನಿಗೂ ಗೊತ್ತು. ಅದೇ ವಾರ ಪುಣೆಯಿಂದ ಮಿತಿಮೀರಿದ ಭಾರ ಹೇರಿ ಬರುವಾಗ ಖಂಡಾಲದ ಘಾಟಿಯಲ್ಲಿ ಸುಟ್ಟ ವಾಸನೆ ಬಂತು. ಪೆಡಲಿನ ಮೇಲೆ ನಿಂತರೂ ಗಾಡಿ ನಿಲ್ಲಲೊಲ್ಲದು! ಕೆಳಗಿನ ಗೇರಿಗೆ ತಂದು, ಗುಡ್ಡದ ಬದಿಯ ಗಟಾರಕ್ಕೆ ಗಾಲಿ ಇಳಿಸಿ, ಡ್ರೈವರು ಹೇಗೋ ಬದುಕಿದ. ನಜ್ಜುಗುಜ್ಜಾದ ಬಂಪರಿನ ದುಡ್ಡನ್ನು ಧಣಿಗಳು ಅವನ ಪಗಾರದಲ್ಲಿ ಮುರಿದುಕೊಂಡರು.

ವಿಧಿಯನ್ನು ದೂರಬೇಡಿ, ಇದು ಶಾಖದ ಕೆಲಸ. ಭಾರ ಇಮ್ಮಡಿಯಾದರೆ ಬ್ರೇಕ್ ನುಂಗಬೇಕಾದ ಶಾಖವೂ ಇಮ್ಮಡಿ. ವೇಗ ಇಮ್ಮಡಿಯಾದರೆ ನಾಲ್ಕು ಪಟ್ಟು. ಅತಿಯಾಗಿ ಕಾದ ದೋಸೆ ಕಾವಲಿಯ ಮೇಲೆ ಚಿಮುಕಿಸಿದ ನೀರು ಅಂಟದೆ ಹನಿಹನಿಯಾಗಿ ಓಡಾಡುವುದನ್ನು ಕಂಡಿದ್ದೀರಲ್ಲ? ಹಾಗೆಯೇ ಕೀಳು ಪ್ಯಾಡಿನೊಳಗಿನ ಅಂಟು ಕಾದು ಹೊಗೆಯಾಗಿ, ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿ ಹಿಡಿತ ತಪ್ಪಿಸುತ್ತದೆ. ಭಾರದ ಗಾಡಿಗೆ ಲೋಹ ಬೆರೆತ ಸೆಮಿ-ಮೆಟಾಲಿಕ್ ಪ್ಯಾಡು ವಾಸಿ. ಕಿರ್ರೆನ್ನುತ್ತದೆ, ಡಿಸ್ಕನ್ನೂ ತುಸು ಬೇಗ ತಿನ್ನುತ್ತದೆ, ಆದರೆ ಕಾವು ತಾಳುತ್ತದೆ. ಅಂಗಡಿಯವರು ಹೊಗಳುವ ಸಾಮಾನ್ಯ ಸೆರಾಮಿಕ್ ಪ್ಯಾಡಿಗೆ ಸದ್ದು ಕಡಿಮೆ, ಧೂಳು ಕಡಿಮೆ. ಧಣಿಗಳ ಸ್ವಂತ ಕಾರಿಗೆ ಅದು ಒಪ್ಪೀತು. ಪ್ಯಾಡಿನ ಮಸಾಲೆ 3 ಮಿಲಿಮೀಟರಿಗೆ ಇಳಿದರೆ ಬದಲಿಸಲೇಬೇಕು. ಡಬ್ಬದ ಮೇಲೆ ಆಸ್ಬೆಸ್ಟಾಸ್ ಇಲ್ಲವೆಂದು ಬರೆದಿರಬೇಕು. ಹತ್ತಿಯ ಧೂಳು ಎದೆಗೆ ಏನು ಮಾಡುತ್ತದೆಂದು ಗಿರಣಿಯ ಬಂಧುಗಳಿಗೆ ನಾವು ಹೇಳಬೇಕೆ? ಇದು ಅದಕ್ಕಿಂತ ಕ್ರೂರವಾದ ಧೂಳು.

"ವ್ಯಾಪಾರವೇ ಇಲ್ಲ, ಖರ್ಚು ಎಲ್ಲಿಂದ ತರೋಣ?" ಎಂದು ಧಣಿಗಳು ಕೇಳುತ್ತಾರೆ. ಹೋಟೆಲಿನ ಮುಂದೆ ದೀಪದ ಬೋರ್ಡು ಹಾಕಿಸುವಾಗ ಈ ಮಾತು ನಮಗೆ ಕೇಳಿಸಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮನ್ನು ಅವರು ಓದಿಸಿಕೊಳ್ಳಲಿ. ಗೊತ್ತಿದ್ದೂ ಅಪಾಯದ ದೋಷವಿರುವ ಗಾಡಿಯನ್ನು ಓಡಿಸುವವನು ಮಾತ್ರವಲ್ಲ, ಓಡಿಸಲು ಬಿಡುವವನೂ ಅದರ ಪ್ರಕಾರ ಅಪರಾಧಿ. ಆದುದರಿಂದ, ಡ್ರೈವರ ಬಂಧುಗಳೇ, ಬ್ರೇಕಿನ ದೂರನ್ನು ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ತಾರೀಕು ಹಾಕಿ ಬರೆದುಕೊಡಿ, ಒಂದು ನಕಲು ನಿಮ್ಮಲ್ಲಿರಲಿ.

ಧಣಿಗಳಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಪ್ಯಾಡು ಬದಲಿಸುವ ದಿನ ಡ್ರೈವರನನ್ನು ಪಗಾರ ಕತ್ತರಿಸದೆ ಗ್ಯಾರೇಜಿಗೆ ಕಳುಹಿಸಿ. ಡಬ್ಬವನ್ನು ಅವನ ಎದುರಿಗೇ ಒಡೆಯಲಿ. ಕಳಚಿದ ಹಳೆಯ ಪ್ಯಾಡನ್ನು ಅವನ ಕೈಗೇ ಕೊಡಲಿ.